ಆರನೇ ನಂಬರಿನ ಕೀ

ಕೀ ಅವನ ಅಂಗಿಯ ಎಡಜೇಬಿನಲ್ಲಿತ್ತು. ಅವನ ಲಾರಿಯದಲ್ಲ, ಅದು ಸ್ಟೇರಿಂಗಿನ ಕೆಳಗೆ ತನ್ನ ಜಾಗದಲ್ಲೇ ತೂಗಾಡುತ್ತಿತ್ತು. ಜೇಬಿನಲ್ಲಿದ್ದದ್ದು ಗೇಟಿನ ಹೊರಗೆ ಸಾಲಿನ ತಲೆಯಲ್ಲಿ ನಿಂತಿದ್ದ ಆರನೇ ನಂಬರಿನ ಲಾರಿಯ ಕೀ, ಅಂದರೆ ದೊಡ್ಡಪ್ಪನವರದು. ಬೆನ್ನ ಹಿಂದೆ ಫೋರ್ಕ್‌ಲಿಫ್ಟು ಕಾಗದದ ಉರುಳೆಗಳನ್ನು ಒಂದೊಂದಾಗಿ ಎತ್ತಿ ಇಳಿಸುವ ಕಟ್ಟೆಯ ಮೇಲಿಡುತ್ತಿತ್ತು. ಪ್ರತಿ ಸಲವೂ ಲಾರಿ ಸ್ವಲ್ಪ ಕುಗ್ಗಿ ಮತ್ತೆ ಏಳುತ್ತಿತ್ತು. ಏಳುವಾಗಲೆಲ್ಲ ಜೇಬಿನ ಕೀ ಎದೆಗೆ ತಾಗುತ್ತಿತ್ತು. ಎಣಿಸಬಾರದು ಎಂದುಕೊಂಡೇ ಅವನು ಎಣಿಸುತ್ತಿದ್ದ. ಇಪ್ಪತ್ತೆರಡರಲ್ಲಿ ಏಳು ಇಳಿದಿದ್ದವು. ನಾಲ್ಕು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಐದಕ್ಕೆ ಗೇಟು ಮುಚ್ಚುತ್ತಾರೆ. ಅಷ್ಟರೊಳಗೆ ಚೀಟಿಯ ಮೇಲೆ ಮುದ್ರೆ ಬಿದ್ದರೆ ಇದು ಅವನ ನೂರನೇ ಟ್ರಿಪ್ಪು. ಹೊಸ ಡ್ರೈವರಿಗೆ ಮೊದಲ ವರ್ಷ ಮುಕ್ಕಾಲು ಸಂಬಳ, ವರ್ಷ ತುಂಬುವುದರೊಳಗೆ ನೂರು ಟ್ರಿಪ್ಪು ಮುಗಿಸಿದವನಿಗೆ ಮಾರನೆಯ ದಿನದಿಂದ ಪೂರ್ತಿ, ಮುಗಿಸದವನಿಗೆ ಇನ್ನೂ ಆರು ತಿಂಗಳು ಅದೇ ಮುಕ್ಕಾಲು. ಇದು ಕಂಪನಿಯ ಕಾನೂನು. ಅವನಿಗೆ ವರ್ಷ ತುಂಬುವುದು ಇವತ್ತು. ತೊಂಬತ್ತೊಂಬತ್ತಕ್ಕೆ ನಿಂತುಹೋದವರ ಕಥೆಗಳನ್ನು ಡ್ರೈವರುಗಳು ನಕ್ಕು ನಕ್ಕು ಹೇಳುತ್ತಿದ್ದರು. ಅಂಥ ಕಥೆಗಳಿಗೆ ಅವನೂ ನಗುತ್ತಿದ್ದ.

ಹೊರಗೆ ಹಾರ್ನುಗಳು ಶುರುವಾಗಿದ್ದವು. ಮೊದಲು ಒಂದು, ಆಮೇಲೆ ಮೂರು ನಾಲ್ಕು ಒಟ್ಟಿಗೆ. ಗಾಜು ಏರಿಸಿದ. ಸೆಖೆ ತಡೆಯಲಾಗದೆ ಇಳಿಸಿದ. ಅವು ಯಾವುದೋ ಕಾರಿನವೂ ಇರಬಹುದಲ್ಲ ಎಂದು ತನಗೇ ಹೇಳಿಕೊಂಡ, ಆದರೆ ಒಂದು ವರ್ಷ ಇದೇ ಸದ್ದಿನಲ್ಲಿ ಬದುಕಿದವನ ಕಿವಿ ಅದನ್ನು ಒಪ್ಪಲಿಲ್ಲ. ಈ ಕಾರ್ಖಾನೆಯ ಮುಂದೆ ಸಾಲು ಎಂದರೆ ಒಂದೂವರೆ ದಿನ, ಒಮ್ಮೊಮ್ಮೆ ಎರಡು ದಿನ. ನಿಂತ ಹೊತ್ತಿಗೆ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ಚಕ್ರ ಉರುಳಿದರೆ ಸಂಬಳ, ನಿಂತರೆ ನಿಂತವನ ಹಣೆಬರಹ. ಆದರೆ ಮನುಷ್ಯನಾದವನು ಒಂದೂವರೆ ದಿನ ಸ್ಟೇರಿಂಗು ಹಿಡಿದುಕೊಂಡು ಕೂರಲಾರ. ಅವನಿಗೂ ನಿದ್ದೆ ಬೇಕು, ಸ್ನಾನ ಬೇಕು, ಮಿಕ್ಕದ್ದೂ ಬೇಕು. ಅದಕ್ಕೇ ಜೋಡಿ ಎಂಬುದು ಹುಟ್ಟಿಕೊಂಡಿದೆ. ಸಾಲಿನಲ್ಲಿ ಹಿಂದೆಮುಂದೆ ನಿಂತ ಇಬ್ಬರು ಜೋಡಿಯಾಗುತ್ತಾರೆ. ಒಬ್ಬ ಎತ್ತಲಾದರೂ ಹೋಗುವಾಗ ತನ್ನ ಕೀಯನ್ನು ಇನ್ನೊಬ್ಬನ ಅಂಗೈಯಲ್ಲಿಟ್ಟು ಹೋಗುತ್ತಾನೆ. ಸಾಲು ಸರಿದರೆ ಉಳಿದವನು ಎರಡೂ ಗಾಡಿಗಳನ್ನು ಸರಿಸಬೇಕು. ಗೇಟಿನವನು ಕೂಗಿದರೆ ಜೋಡಿಯ ಗಾಡಿಯನ್ನು ಒಳಗೆ ತಂದು ಕಟ್ಟೆಗೆ ಹಚ್ಚಬೇಕು, ತನ್ನದು ಹಿಂದೆ ಉಳಿದರೂ ಸರಿಯೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಅವನಿಗೆ ಹೇಳಿಕೊಟ್ಟವರು ದೊಡ್ಡಪ್ಪ.

ದೊಡ್ಡಪ್ಪ ಅವನಿಗೆ ಸಂಬಂಧವೇನೂ ಅಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವರನ್ನು ಸಾಲಿನವರೆಲ್ಲ ಹಾಗೆ ಕರೆಯುತ್ತಿದ್ದರು. ಅವನನ್ನು ಕರೆಯುತ್ತಿದ್ದುದು ಮೀಟ್ರು ಎಂದು. ಹದಿನಾಲ್ಕು ವರ್ಷ ಪರದೆ ಬಟ್ಟೆಯ ಅಂಗಡಿಯಲ್ಲಿ ಮೀಟರುಗಟ್ಟಲೆ ಬಟ್ಟೆ ಅಳೆದವನು, ಅಂಗಡಿ ಮುಚ್ಚಿದ ಮೇಲೆ ಮೂವತ್ತೆಂಟನೇ ವಯಸ್ಸಿನಲ್ಲಿ ಲಾರಿ ಕಲಿಯಲು ಬಂದರೆ ಇನ್ನೇನೆಂದು ಕರೆದಾರು. ಕಲಿಸುವ ಡ್ರೈವರು ಆರು ವಾರ ಪಕ್ಕದಲ್ಲಿ ಕೂತಿದ್ದ. ಬೈಯುತ್ತಿರಲಿಲ್ಲ, ನಾಲಿಗೆಯಲ್ಲಿ ಲೊಚಗುಟ್ಟುತ್ತಿದ್ದ. ಗೇರು ತಡವಾದರೆ ಒಂದು ಲೊಚ, ಬ್ರೇಕು ಬೇಗವಾದರೆ ಎರಡು. ಕಟ್ಟೆಗೆ ಹಚ್ಚುವ ಹೊತ್ತು ಬಂದರಂತೂ 'ಏಳಪ್ಪ, ಸಂಜೆ ಮಾಡ್ತೀಯ' ಎಂದು ತಾನೇ ಕೂತುಬಿಡುತ್ತಿದ್ದ. ಹೀಗೆ ಆರು ವಾರ ಮುಗಿದಾಗ ಅವನಿಗೆ ಮುಂದೆ ಹೋಗುವುದಷ್ಟೇ ಬರುತ್ತಿತ್ತು. ಒಬ್ಬನೇ ಬಂದ ಮೊದಲ ದಿನ, ಇದೇ ಅಂಗಳದಲ್ಲಿ, ಹನ್ನೊಂದು ಸಲ ಹಿಂದೆಮುಂದೆ ಮಾಡಿ ಹನ್ನೆರಡನೆಯ ಸಲ ಕಟ್ಟೆಯ ಮೂಲೆಯ ಕಲ್ಲು ಕಿತ್ತಿದ್ದ. ಹಮಾಲರು ಕೆಲಸ ಬಿಟ್ಟು ಸಾಲಾಗಿ ಕೂತು ನೋಡುತ್ತಿದ್ದರು. ಒಬ್ಬನಂತೂ ಚಪ್ಪಾಳೆ ತಟ್ಟಿದ್ದ. ಆಗ ಎಲ್ಲಿಂದಲೋ ಬಂದ ದೊಡ್ಡಪ್ಪ ಲಾರಿಯ ಹಿಂದೆ ನಿಂತು, ಎಡಗೈ ಎತ್ತಿ, ಎಡಗನ್ನಡಿಯಲ್ಲಿ ಕಾಣುವಷ್ಟು ದೂರ ಸರಿದು, 'ನನ್ನ ಕೈ ಮಾತ್ರ ನೋಡು, ಬೇರೆ ಏನೂ ನೋಡ್ಬೇಡ' ಎಂದಿದ್ದರು. ಕನ್ನಡಿಯಲ್ಲಿ ಆ ಕೈ ಒಂದೇ ಸ್ಥಿರವಾಗಿತ್ತು. ಹಮಾಲರು, ಗೋಡೆ, ಅಂಗಳ ಎಲ್ಲ ಮೆಲ್ಲಗೆ ತಿರುಗಿ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಕಲ್ಲಿನ ದುಡ್ಡು ಆ ತಿಂಗಳ ಸಂಬಳದಲ್ಲಿ ಹಿಡಿದರು. ಅದು ಅವನಿಗೆ ಈಗ ನೆನಪಾಗಬೇಕಾಗಿರಲಿಲ್ಲ. ಹತ್ತನೆಯ ಉರುಳೆ ಇಳಿಯಿತು.

ಇವತ್ತು ಏನು ನಡೆಯಿತೆಂದರೆ, ನಡೆದದ್ದು ಬಹಳವೇನೂ ಇಲ್ಲ. ಮೂರು ಗಂಟೆಯ ಸುಮಾರಿಗೆ ದೊಡ್ಡಪ್ಪ ಟವೆಲ್ಲು ಉಟ್ಟು, ಬನಿಯನ್ನಿನಲ್ಲಿ, ಸೋಪಿನ ಡಬ್ಬಿ ಹಿಡಿದು ಅವನ ಕಿಟಕಿಯ ಹತ್ತಿರ ಬಂದಿದ್ದರು. 'ಇನ್ನೊಂದು ಗಂಟೆ ಇದು ಅಲ್ಲಾಡಲ್ಲ. ಟೈರ್ ಅಂಗಡಿ ಹಿಂದೆ ನಲ್ಲೀಲಿ ನೀರು ಬರ್ತಿದೆ, ಎರಡು ಬಕೆಟ್ ಸುರ್ಕೊಂಡು ಬರ್ತೀನಿ. ನಾಳೆ ಬೆಳಿಗ್ಗೆ ನಿನ್ನ ದೊಡ್ಡಮ್ಮಂಗೆ ಕಣ್ಣಿನ ಆಪರೇಷನ್ನು. ಇವತ್ತು ಖಾಲಿಯಾದ್ರೆ ನೇರ ಆಸ್ಪತ್ರೆಗೇ ಹೋಗ್ಬೇಕು. ಈ ಅವತಾರದಲ್ಲಿ ಹೋದ್ರೆ ಪಟ್ಟಿ ಕಟ್ಟೋಕೆ ಮುಂಚೇನೇ ಕಣ್ಣು ಮುಚ್ಕೋತಾಳೆ ಅವಳು' ಎಂದು ನಕ್ಕು, ಕೀ ಕೊಟ್ಟು ಹೋದರು. ಕ್ಯಾಬಿನ್ನಿಗೆ ಬೀಗ ಹಾಕಿದ್ದರು. ಬಟ್ಟೆ, ಫೋನು, ಚಪ್ಪಲಿ ಎಲ್ಲ ಒಳಗೆ. ಹತ್ತು ನಿಮಿಷವಾಗಿರಲಿಲ್ಲ, ಗೇಟಿನವನು ಹೊರಬಂದು ಕೂಗಿದ. 'ಆರನೇ ನಂಬರ್ ಬರ್ಲಿ. ಇವತ್ತಿಗೆ ಇದೇ ಕೊನೇ ಗಾಡಿ.' ಅವನು ಕೆಳಗಿಳಿದ. ಇಳಿದದ್ದು ಆರನೆಯ ಗಾಡಿ ಹತ್ತುವುದಕ್ಕೇ, ಅದರಲ್ಲಿ ಅನುಮಾನವಿಲ್ಲ. ಹತ್ತಿರ ಹೋಗಿ ಬಾಗಿಲ ಹಿಡಿಯ ಮೇಲೆ ಕೈಯನ್ನೂ ಇಟ್ಟಿದ್ದ. ಬಿಸಿಲಿಗೆ ಹಿಡಿ ಕಾದಿತ್ತು, ಕೈ ಹಿಂದಕ್ಕೆ ತೆಗೆದ. ಅಷ್ಟರಲ್ಲಿ ಗೇಟಿನವನು ಹತ್ತಿರ ಬಂದ. 'ಡ್ರೈವರ್ ಎಲ್ಲಿ?' 'ಇಲ್ಲ.' 'ನಿಂದೆಷ್ಟು?' 'ಏಳು.' 'ಹಂಗಾದ್ರೆ ಪಕ್ಕದಿಂದ ತಿರುಗಿಸ್ಕೊಂಡು ನೀನೇ ಬಾ.' ಅವನು ಆಡಿದ್ದು ಎರಡೇ ಮಾತು, ಎರಡೂ ನಿಜ. ಡ್ರೈವರು ಇರಲಿಲ್ಲ. ಅವನದು ಏಳೇ. ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದರೂ ಅವನು ಸುಳ್ಳು ಹೇಳಿದನೆಂದು ಯಾರೂ ಸಾಬೀತು ಮಾಡಲಾರರು.

ಕೀ ಜೇಬಿನಲ್ಲೇ ಉಳಿದದ್ದು ಮರೆವಿನಿಂದ. ಗಡಿಬಿಡಿಯಲ್ಲಿ ಯಾರಿಗಾದರೂ ಆಗುವಂಥದ್ದೇ. ಒಂಬತ್ತು, ಹತ್ತು, ಹನ್ನೊಂದನೆಯ ಉರುಳೆ ಇಳಿಯುವ ತನಕ ಅವನು ಇದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಹನ್ನೆರಡನೆಯದು ಇಳಿಯುವಾಗ, ಗೇಟಿನೊಳಗೆ ತಿರುಗುವ ಮೊದಲು ತನ್ನ ಬಲಗೈ ಎಡಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತ್ತಲ್ಲ ಎಂಬುದು ನೆನಪಾಯಿತು. ಎಂಟನೇ ನಂಬರಿನವನ ಕೈಗೆ ಎಸೆದು ಬರಬಹುದಿತ್ತು. ಎಸೆದಿದ್ದರೆ ಅವನು, 'ಕೀ ನಿನ್ನ ಹತ್ರಾನೇ ಇತ್ತಲ್ಲೋ' ಎನ್ನುತ್ತಿದ್ದ, ಗೇಟಿನವನಿಗೆ ಕೇಳಿಸುವಂತೆ ಎನ್ನುತ್ತಿದ್ದ. ನಲ್ಲಿಯ ಕಡೆಗೆ ಒಂದು ಕೂಗು ಹಾಕಿದ್ದರೂ ಸಾಕಿತ್ತು. ದೊಡ್ಡಪ್ಪನ ಗಾಡಿ ಉದ್ದ, ಅದನ್ನು ಎಡಮಗ್ಗುಲಿಗೆ ಹಚ್ಚುವುದು ನನ್ನಿಂದ ಆಗುತ್ತಿರಲಿಲ್ಲ ಎಂದು ಬೇರೊಂದು ಕಾರಣ ಹುಡುಕಿದ. ಅದನ್ನೇ ಎರಡು ಸಲ ಹಚ್ಚಿದ್ದು ನೆನಪಾಗಿ ಆ ಕಾರಣವೂ ಬಿದ್ದುಹೋಯಿತು. ಕೇಳಿದ್ದರೆ ಅವರೇ ಸರದಿ ಬಿಟ್ಟುಕೊಡುತ್ತಿದ್ದರೋ ಏನೋ. ಎರಡು ತಿಂಗಳ ಹಿಂದೆ ಒಮ್ಮೆ ಕೇಳದೆಯೇ ಕೊಟ್ಟಿದ್ದರು. ಆದರೆ ಇವತ್ತು ದೊಡ್ಡಮ್ಮನ ಕಣ್ಣಿತ್ತು. ಇವತ್ತು ಕೇಳಿದರೆ ಇಲ್ಲ ಎನ್ನುವ ಹಕ್ಕು ಅವರಿಗಿತ್ತು. ಅವನಿಗೆ ಭಯವಿದ್ದದ್ದು ಆ ಹಕ್ಕಿನ ಬಗ್ಗೆಯೇ. ಬೆವರಿಗೆ ಅಂಗಿ ಎದೆಗೆ ಅಂಟಿಕೊಂಡಿತ್ತು. ಜೇಬಿನ ಬಟ್ಟೆಯ ಮೇಲೆ ಕೀಯ ಆಕಾರ ಮೂಡಿತ್ತು. ಕೈಯಲ್ಲಿ ಮುಚ್ಚಿಕೊಂಡ.

ನೂರು ಯಾಕಷ್ಟು ಬೇಕಾಗಿತ್ತು ಎಂಬುದು ಜಗತ್ತಿನಲ್ಲಿ ಅವನನ್ನು ಬಿಟ್ಟರೆ ದೊಡ್ಡಪ್ಪನಿಗೆ ಮಾತ್ರ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಹೆಂಡತಿಯ ತಮ್ಮ ಮನೆಗೆ ಬಂದಿದ್ದ. ತಿಂಗಳ ಒಂದನೇ ತಾರೀಕು ತಪ್ಪದೆ ಸಂಬಳ ಬರುವ ಆಫೀಸಿನವನು. ಕಾಲ ಮೇಲೆ ಕಾಲು ಹಾಕಿ ಕೂತು, 'ಏನ್ ಭಾವ, ಇನ್ನೂ ಮುಕ್ಕಾಲೇನಾ?' ಎಂದ. ಕೆಟ್ಟ ಹುಡುಗನಲ್ಲ, ಕೇಳಿದ್ದು ಕಾಳಜಿಯಿಂದಲೇ ಇರಬಹುದು. ಆದರೆ ಮಗಳು ಅಲ್ಲೇ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು, ಮುಕ್ಕಾಲು ಎಂದ ಕೂಡಲೇ ತಲೆಯೆತ್ತಿ ಅಪ್ಪನನ್ನು ನೋಡಿದಳು. 'ಈ ತಿಂಗಳಿಂದ ಪೂರ್ತಿ' ಎಂದುಬಿಟ್ಟ. ಅಡಿಗೆಮನೆಯಿಂದ ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ರಾತ್ರಿ ಊಟಕ್ಕೆ ಸಿಹಿ ಮಾಡಿದಳು. ಆ ಸಿಹಿಯನ್ನು ನುಂಗಲು ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಆಮೇಲಿನ ನಾಲ್ಕು ತಿಂಗಳು ಕಡಿಮೆ ಬಿದ್ದ ಕಾಲುಭಾಗವನ್ನು ದಾರಿಖರ್ಚಿನಲ್ಲಿ ಉಳಿಸಿ ತುಂಬಿಸಿದ, ಅಂದರೆ ದಿನಕ್ಕೆ ಒಂದೇ ಹೊತ್ತು ಉಂಡ. ದೊಡ್ಡಪ್ಪ ಅದನ್ನು ಕಂಡುಹಿಡಿದದ್ದು ಎರಡನೇ ವಾರಕ್ಕೇ. ತಮ್ಮ ಬುತ್ತಿಯ ಮುಚ್ಚಳದಲ್ಲಿ ಅರ್ಧ ಹಾಕಿ ಅವನ ಮುಂದೆ ಸರಿಸಿ, 'ನಿನ್ನ ದೊಡ್ಡಮ್ಮ ಊರಿಗಾಗೋ ಅಷ್ಟು ಕಟ್ಟಿದಾಳೆ. ಕೆಟ್ಟೋಗುತ್ತೆ, ತಿನ್ನು' ಎಂದಿದ್ದರು. ತಿನ್ನುತ್ತ ತಿನ್ನುತ್ತ ಅವನು ಎಲ್ಲವನ್ನೂ ಹೇಳಿಬಿಟ್ಟಿದ್ದ. ಅವರು ನಗಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. 'ಹಂಗಾದ್ರೆ ನೂರು ಬೇಗ ಮುಗಿಸ್ಬೇಕು ನೀನು' ಎಂದರು ಅಷ್ಟೆ. ಅಂದಿನಿಂದ ಎದುರಾದಾಗಲೆಲ್ಲ, ಒಮ್ಮೊಮ್ಮೆ ಎದುರುಬದುರಾಗಿ ಹಾದುಹೋಗುವ ಲಾರಿಯ ಕಿಟಕಿಯಿಂದಲೂ, ಎಷ್ಟಾಯ್ತು ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದರು. ಅವನು ಬೆರಳುಗಳಲ್ಲಿ ತೋರಿಸುತ್ತಿದ್ದ.

ಇಪ್ಪತ್ತೆರಡನೆಯ ಉರುಳೆ ಇಳಿದಾಗ ನಾಲ್ಕೂ ಮುಕ್ಕಾಲು. ಚೀಟಿ ಹಿಡಿದು ಮುದ್ರೆಯ ಕಿಂಡಿಗೆ ಹೋದ. ಕಿಂಡಿಯೊಳಗೆ ಗುಮಾಸ್ತ ಮುದ್ರೆಯನ್ನು ಮಸಿಗೆ ಒತ್ತುತ್ತ ಪಕ್ಕದವನ ಜೊತೆ ನಗುತ್ತಿದ್ದ. ಅವನನ್ನು ನೋಡಿ, ಕಥೆಯಲ್ಲಿ ಅವನಿಗೂ ಪಾಲು ಕೊಡುವವನ ಹಾಗೆ ಹೇಳಿದ. 'ಹೊರಗಡೆ ತಮಾಷೆ ನೋಡ್ಬೇಕು ನೀವು. ಆರನೇ ನಂಬರಿನ ಮುದುಕಪ್ಪ, ಗಾಡೀನ ದಾರಿಗಡ್ಡ ಬಿಟ್ಟು, ಟವೆಲ್ ಉಟ್ಕೊಂಡು ನಿಂತವ್ನೆ. ಒಂದು ಗಂಟೆ ಹೊತ್ತಾಯ್ತು. ನಮ್ಮ ಉದ್ದದ ಗಾಡಿ ಒಂದೂ ಮುಂದಿನ ಗೇಟಿಂದ ಹೊರಗೆ ಹೋಗೋ ಹಂಗಿಲ್ಲ. ಕೀ ಎಲ್ಲಯ್ಯಾ ಅಂದ್ರೆ, ಬಿದ್ದೋಯ್ತು ಅಂತಾನೆ. ಯಾರ ಕೈಲಾದ್ರೂ ಕೊಟ್ಟಿದ್ಯಾ ಅಂತ ಸಾಹೇಬ್ರೇ ಹೋಗಿ ಕೇಳಿದ್ರು. ಇಲ್ಲ, ನಲ್ಲಿ ಹತ್ರ ಎಲ್ಲೋ ಬಿದ್ದೋಯ್ತು ಅಂತ ಒಂದೇ ಹಟ. ಅಲ್ಲೆಲ್ಲಾ ಹುಡುಕಿಸ್ತಾ ಇದಾರೆ. ಚೀಟಿ ರದ್ದು ಮಾಡಿ ಸಾಲಿನ ಕೊನೆಗೆ ಹಾಕಿದಾರೆ ಅವ್ನನ್ನ, ಪಾಪ.' ಮುದ್ರೆ ಬಿತ್ತು. ನೀಲಿ ಮಸಿ, ಸ್ವಲ್ಪ ಓರೆ. ಗುಮಾಸ್ತ ಚೀಟಿಯನ್ನು ಹೊರಗೆ ಸರಿಸಿದ. ಅವನು ಅದನ್ನು ತೆಗೆದುಕೊಳ್ಳದೆ ನಿಂತೇ ಇದ್ದ.

ಅವರಿಗೆ ಗೊತ್ತಿತ್ತು. ಸ್ನಾನ ಮಾಡಿ ಬಂದು, ತಮ್ಮ ಹಿಂದೆ ಏಳನೆಯದು ಇಲ್ಲದ್ದನ್ನು ನೋಡಿದ ಗಳಿಗೆಯಲ್ಲೇ ಗೊತ್ತಾಗಿರಬೇಕು. ಏಳನೇ ನಂಬರಿನವನ ಹತ್ತಿರ ಇದೆ ಎಂದು ಒಂದು ಮಾತು ಹೇಳಿದ್ದರೆ ಒಳಗೆ ಬಂದು ಅವನ ಕೆಲಸ ನಿಲ್ಲಿಸಿ, ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಹತ್ತನೆಯ ಉರುಳೆಯಲ್ಲೋ ಹನ್ನೊಂದನೆಯದರಲ್ಲೋ ನೂರು ನಿಂತುಹೋಗುತ್ತಿತ್ತು. ಆ ಒಂದು ಮಾತನ್ನು ಆಡದೆ ಅವರು ಒದ್ದೆ ಟವೆಲ್ಲಿನಲ್ಲಿ, ಬರಿಗಾಲಲ್ಲಿ, ಮೂವತ್ತು ವರ್ಷದಿಂದ ದೊಡ್ಡಪ್ಪ ಎಂದು ಕರೆಸಿಕೊಂಡ ಜನರ ಮುಂದೆ ಬೈಸಿಕೊಳ್ಳುತ್ತ ನಿಂತಿದ್ದರು. ಅವನಿಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಯಾರು ಕೇಳಿದ್ದರು ಇದನ್ನು, ಹೇಳಿಬಿಡಬಾರದಿತ್ತೇ ಎಂಬ ಸಿಟ್ಟು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು. ಲಾರಿಯನ್ನು ಖಾಲಿ ಗಾಡಿಗಳು ಹೋಗುವ ಪಕ್ಕದ ಸಣ್ಣ ಗೇಟಿನಿಂದ ರಸ್ತೆಗೆ ತಂದ. ಎಡಕ್ಕೆ ತಿರುಗಿದರೆ ಹೆದ್ದಾರಿ, ಬಲಕ್ಕೆ ಸಾಲು. ಕೀಯನ್ನು ಗೇಟಿನವನ ಕೈಗೆ ಕೊಟ್ಟು, ದಾರಿಯಲ್ಲಿ ಬಿದ್ದಿತ್ತು, ಆರನೇ ನಂಬರಿನವರದಿರಬೇಕು ಎಂದು ಹೊರಟುಬಿಡಬಹುದಿತ್ತು. ಅದು ಅವರ ಸುಳ್ಳಿಗೂ ಸರಿಯಾಗಿ ಹೊಂದುತ್ತಿತ್ತು. ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಯೋಚಿಸಿ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಲಾರಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ನಡೆದೇ ಹೋದ.

ದೊಡ್ಡಪ್ಪ ತಮ್ಮ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಟವೆಲ್ಲು ಮೈಮೇಲೇ ಒಣಗಿತ್ತು. ಸೋಪಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ತೆಳ್ಳಗಿನ ಕಾಲುಗಳು, ಮಂಡಿಯ ಮೇಲೆ ಹಳೆಯ ಗಾಯದ ಗುರುತು. ಇಷ್ಟು ದಿನ ಈ ಮನುಷ್ಯನ ಕಾಲುಗಳನ್ನೇ ನೋಡಿರಲಿಲ್ಲವಲ್ಲ ಎನಿಸಿತು. ಎಂಟನೆಯವನು ಕ್ಯಾಬಿನ್ನಿನಿಂದ ಬಾಯಿಗೆ ಬಂದಂತೆ ಬೈಯುತ್ತಿದ್ದ; ಇವನನ್ನು ಕಂಡು ನಿಲ್ಲಿಸಿದ. ದಾರಿಯಲ್ಲಿ ಒಂದೊಂದೇ ಮಾತು ಜೋಡಿಸಿಕೊಂಡು ಬಂದಿದ್ದ, ಗಡಿಬಿಡಿ, ಮರೆವು, ಗೇಟಿನವನ ಅವಸರ. ಅದನ್ನೆಲ್ಲ ಬಿಟ್ಟ. ಜೇಬಿನಿಂದ ಕೀ ತೆಗೆದು ಚಾಚಿದ. ಮೈಶಾಖಕ್ಕೆ ಅದು ಬೆಚ್ಚಗಾಗಿತ್ತು.

ದೊಡ್ಡಪ್ಪ ಕೀಯನ್ನು ನೋಡಲಿಲ್ಲ, ಅವನ ಮುಖ ನೋಡಿದರು.

'ನೂರಾಯ್ತಾ?' ಎಂದರು.

'ಹೂಂ.'

'ಮುದ್ರೆ ಹಾಕಿದ್ರಾ ಸರಿಯಾಗಿ?'

'ಹಾಕಿದ್ರು.'

'ಒಳ್ಳೇದಾಯ್ತು' ಎಂದು ಕೀ ತೆಗೆದುಕೊಂಡು, ಬಾಗಿಲು ತೆರೆದು ಮೇಲೆ ಹತ್ತಿದರು. ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಐದು ನಿಮಿಷದಲ್ಲಿ ಪ್ಯಾಂಟು ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಗಾಡಿಯನ್ನು ಹಿಂದಕ್ಕೆ ಒಂದೇ ಸಲ ತಿರುಗಿಸಿ ಸಾಲಿನ ಕೊನೆಗೆ ಕೊಂಡೊಯ್ದರು, ಹತ್ತೊಂಬತ್ತನೇ ಜಾಗಕ್ಕೆ. ಅವನು ರಸ್ತೆಯ ಬದಿಯಲ್ಲಿ ಗಾಡಿಯ ಹಿಂದೆಯೇ ನಡೆದ. ಇಳಿದು ಬಂದಾಗ ಅವರ ಕೈಯಲ್ಲಿ ಒಂದು ಸಣ್ಣ ಚೀಲವಿತ್ತು.

'ನೀವು ಬಸ್ಸಲ್ಲಿ ಹೋಗಿ ಬನ್ನಿ ದೊಡ್ಡಪ್ಪ' ಎಂದ ಅವನು. ಮಾತು ಬೇಗ ಬೇಗ ಬಂತು. 'ದೊಡ್ಡಮ್ಮನ ಹತ್ರ ಇರಿ. ನಾನು ಇಲ್ಲೇ ಇರ್ತೀನಿ. ನಾಳೆ ಆಗ್ಲಿ, ನಾಡಿದ್ದಾಗ್ಲಿ, ನಾನೇ ಒಳಗೆ ಹಚ್ಚಿ ಖಾಲಿ ಮಾಡಿಸ್ತೀನಿ. ಕಂಪನಿಗೆ ನನ್ನ ಗಾಡಿ ಕೆಟ್ಟಿದೆ ಅಂತ ಹೇಳ್ತೀನಿ. ಕೀ ಕೊಡಿ.'

ಚಾಚಿದ ಅಂಗೈಯನ್ನು ದೊಡ್ಡಪ್ಪ ಒಂದು ಗಳಿಗೆ ನೋಡಿದರು. ಅಭ್ಯಾಸಬಲದಿಂದ ಅವರ ಕೈಯೂ ಅರ್ಧ ಮುಂದೆ ಬಂತು. ಮೂವತ್ತು ವರ್ಷ ಹೀಗೆ ಕೊಟ್ಟು ಕೊಟ್ಟು ರೂಢಿಯಾದ ಕೈ. ಅಲ್ಲಿಗೇ ನಿಂತಿತು.

'ಬೇಡ ಮೀಟ್ರೂ' ಎಂದರು. 'ನಿನ್ನ ಗಾಡಿ ಖಾಲಿ ಆಯ್ತಲ್ಲ. ನೀನು ಹೊರಡು.'

ಹದಿನೆಂಟನೇ ನಂಬರಿನ ಲಾರಿಯ ನೆರಳಿನಲ್ಲಿ ಒಬ್ಬ ಡ್ರೈವರು ಈರುಳ್ಳಿ ಹೆಚ್ಚುತ್ತ ಕೂತಿದ್ದ. ಇಬ್ಬರಿಗೂ ಗುರುತಿಲ್ಲದವನು, ಈ ಸಾಲಿಗೇ ಹೊಸಬನಿರಬೇಕು. ದೊಡ್ಡಪ್ಪ ಅವನ ಮುಂದೆ ನಿಂತು, 'ಮನೇಲಿ ಸ್ವಲ್ಪ ಆಸ್ಪತ್ರೆ ಕೆಲಸ ಇದೆ ತಮ್ಮಾ. ನಾಳೆ ರಾತ್ರಿಯೊಳಗೆ ಬಂದುಬಿಡ್ತೀನಿ. ಸಾಲು ಸರಿದ್ರೆ ನಂದೂ ಒಂದಿಷ್ಟು ಸರಿಸ್ಕೊಂಡು ಹೋಗಪ್ಪ' ಎಂದು ಕೀಯನ್ನು ಅವನ ಈರುಳ್ಳಿ ಕೈಯಲ್ಲಿಟ್ಟರು. ಹೆಸರೂ ಕೇಳಲಿಲ್ಲ. ಆ ಹೊಸಬ ಕಣ್ಣೊರೆಸಿಕೊಳ್ಳುತ್ತ ಎದ್ದುನಿಂತು, 'ನೀವು ಹೋಗ್ಬನ್ನಿ ಯಜಮಾನ್ರೇ, ನಾನಿದೀನಿ' ಎಂದ. ಒಂದು ವರ್ಷದ ಹಿಂದೆ ಅವನೂ ಅದನ್ನೇ ಹೇಳಿದ್ದ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ. ದೊಡ್ಡಪ್ಪ ಬಸ್ಸು ನಿಲ್ಲುವ ಕಡೆಗೆ ನಡೆದರು. ತಿರುಗಿ ನೋಡಬಹುದೆಂದು ಅವನು ಕಾದ. ಅವರು ತಿರುಗಲಿಲ್ಲ.

ಲಾರಿಗೆ ಮರಳಿ ಬಂದು ಕೂತ. ಚೀಟಿಯನ್ನು ಸ್ಟೇರಿಂಗಿನ ಮೇಲೆ ಬಿಡಿಸಿಟ್ಟ. ಮುದ್ರೆಯ ತಾರೀಕು ಸ್ಪಷ್ಟವಾಗಿತ್ತು. ನಾಳೆಯಿಂದ ಅವನಿಗೆ ಪೂರ್ತಿ ಸಂಬಳ. ಈ ಸಂಗತಿಯನ್ನು ಯಾರಿಗಾದರೂ ಹೇಳಬೇಕೆನಿಸಿತು, ಬಹಳ ಹೇಳಬೇಕೆನಿಸಿತು. ಕೈ ತಾನಾಗಿಯೇ ಮನೆಯ ನಂಬರು ಒತ್ತಿತು. ಅತ್ತ ಹೆಂಡತಿ ಫೋನೆತ್ತಿದಾಗ ಹಿಂದೆ ಕುಕ್ಕರಿನ ಸದ್ದು, ಮಗಳು ಜೋರಾಗಿ ಏನೋ ಓದುತ್ತಿದ್ದ ಸದ್ದು.

'ಏನ್ರೀ, ಈ ಹೊತ್ತಲ್ಲಿ?' ಎಂದಳು.

'ಸುಮ್ನೆ ಮಾಡ್ದೆ.'

'ಊಟ ಆಯ್ತಾ?'

'ಆಯ್ತು.'

ಅವನ ದನಿಯಲ್ಲಿ ಏನನ್ನೋ ಕೇಳಿಸಿಕೊಂಡವಳ ಹಾಗೆ, 'ಏನಾದ್ರೂ ಸುದ್ದಿ ಇದೆಯಾ?' ಎಂದಳು.

ನಾಲ್ಕು ತಿಂಗಳ ಹಿಂದೆಯೇ ಅವಳು ಇದಕ್ಕೆ ಸಿಹಿ ಮಾಡಿ ಬಡಿಸಿ ಆಗಿತ್ತು. ಅವನ ಕೈ ಎಡಜೇಬಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

'ಇಲ್ಲ' ಎಂದ. 'ಏನೂ ಇಲ್ಲ.'